ಕೋರ್ಟಿಲ್ಲದ ಕೇಸು: ಆ ಹದಿನೇಳು ಮನೆ ಯಾವುವು?

(ನಮ್ಮ ವರದಿಗಾರರಿಂದ)

ದಾವಣಗೆರೆ: ಹೋದ ಶನಿವಾರ ಬೆಳಿಗ್ಗೆ ಎಂಟೂವರೆ ಗಂಟೆ. ಹಳೇಪೇಟೆ ಕಡೆಯ ಕಿರಾಣಿ ಸಾಹುಕಾರರೊಬ್ಬರು ಅಂಗಡಿಯ ಶಟರು ಅರ್ಧಕ್ಕೇ ಎತ್ತಿ, ಅಂಗಡಿ ಹುಡುಗನನ್ನು ಗಲ್ಲಾದ ಮುಂದೆ ಕೂರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ನಾನು ಪತ್ರಿಕೆಯ ಬಾಕಿ ಬಿಲ್ಲು ಕೇಳಲು ಹೋದವನು.

"ಇವತ್ತು ಬ್ಯಾಡ ಸಾರ್. ನಮ್ಮ ಹುಡುಗೀದು ಕೇಸ್ ಐತಿ" ಅಂದರು.

ನನ್ನ ಎದೆ ಧಸಕ್ಕೆಂದಿತು. ಹದಿಮೂರು ವರ್ಷದಿಂದ ಸಂಜೆ ಪತ್ರಿಕೆಯಲ್ಲಿ ಇರುವವನಿಗೆ ಕೇಸ್ ಅಂದರೆ ಒಂದೇ ಅರ್ಥ. ಜೇಬಿನಿಂದ ನೋಟ್‌ಬುಕ್ ತೆಗೆದು, ದನಿ ತಗ್ಗಿಸಿ, "ಯಾವ ಸ್ಟೇಷನ್ ಸಾಹುಕಾರ್ರೇ?" ಅಂದೆ.

"ಸ್ಟೇಷನ್ ಅಲ್ರೀ, ಕಾಲೇಜು! ಎಂ.ಬಿ.ಎ. ಹುಡುಗರಿಗೆ ಅದೇನೋ ಕೇಸ್ ಕಾಂಪಿಟಿಷನ್ ಅಂತ. ಅದಕ್ಕೆ ಸಾವಿರದ ಎಂಟ್ನೂರು ಕೊಟ್ಟು ಕೋಟು ಬ್ಯಾರೆ ಹೊಲಿಸ್ಯಾಳ. ತಂಡಕ್ಕೆ ಎಂಟ್ನೂರು ರೂಪಾಯಿ ಫೀಜು. ಮಾರ್ಕ್ಸ್ ಕೊಡ್ತಾರೇನ್ರಿ ಅಂದ್ರ, ಇಲ್ಲ. ನೌಕರಿ ಕೊಡ್ತಾರೇನ್ರಿ ಅಂದ್ರ, ಗೊತ್ತಿಲ್ಲ. ಬ್ಯಾಂಕಿನ್ಯಾಗ ಸಾಲ ತಗದು ಓದಸಾಕತ್ತೀನಿ. ಮತ್ತ ಇದು ಯಾತಕ್ಕ ಅಂತ ನೀವರ ಹೇಳ್ರಿ."

ನಾನು ಏನು ಹೇಳಲಿ? ಪಿ.ಯು.ಸಿ.ಯನ್ನು ನಡುವೆಯೇ ಬಿಟ್ಟು ಪ್ರೆಸ್ಸಿಗೆ ಸೇರಿದವನು ನಾನು. ಎಂ.ಬಿ.ಎ. ಕಾಲೇಜಿನ ಗೇಟು ನೋಡಿದ್ದು ಸ್ಟ್ರೈಕ್ ವರದಿಗೆ ಹೋದಾಗ ಮಾತ್ರ. ಆದರೆ ಪ್ರಶ್ನೆ ಸಾಹುಕಾರರೊಬ್ಬರದಲ್ಲ. ನಮ್ಮೂರಿನಲ್ಲಿ ಅಂಗಡಿಯ ಗಲ್ಲಾದಿಂದ, ಬಸ್ ಕಂಡಕ್ಟರನ ಸಂಬಳದಿಂದ, ಎರಡು ಎಕರೆ ಅಡಿಕೆಯಿಂದ ದುಡ್ಡು ತೆಗೆದು ಮಕ್ಕಳನ್ನು ಎಂ.ಬಿ.ಎ. ಓದಿಸುವ ಎಷ್ಟೋ ತಂದೆತಾಯಿಗಳದು. ಬಿಲ್ಲಿನ ಮಾತು ಬಿಟ್ಟು ಸಾಹುಕಾರರ ಸ್ಕೂಟರ್ ಹಿಂದೆ ಕೂತೆ.

ಇದೆಲ್ಲಿಯ ಕೇಸು?

ಕಾಲೇಜು ತಲುಪುವ ಮೊದಲು ಓದುಗರಿಗೆ ಎರಡು ಮಾತು. ಕೋರ್ಟಿನ ಕೇಸಿಗೂ ಈ ಕೇಸಿಗೂ ನೆಂಟಸ್ತಿಕೆ ನಿಜವಾಗಿಯೂ ಇದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಲಾ ಕಾಲೇಜಿನಲ್ಲಿ 1870ರ ಸುಮಾರಿಗೆ ಲ್ಯಾಂಗ್‌ಡೆಲ್ ಎಂಬ ಮೇಷ್ಟ್ರು ಕಾನೂನನ್ನು ಬಾಯಿಪಾಠ ಮಾಡಿಸುವ ಬದಲು ಹಳೆಯ ತೀರ್ಪುಗಳನ್ನೇ ಹುಡುಗರ ಮುಂದಿಟ್ಟು ಪ್ರಶ್ನೆ ಕೇಳುವ ಪದ್ಧತಿ ತಂದರು. 1908ರಲ್ಲಿ ಅದೇ ವಿಶ್ವವಿದ್ಯಾಲಯ ವ್ಯಾಪಾರ ಕಲಿಸುವ ಕಾಲೇಜು ತೆರೆಯಿತು. ಅದರ ಎರಡನೇ ಡೀನ್ ಡೋನಮ್ ಎಂಬವರು ಅದೇ ಲಾ ಕಾಲೇಜಿನಲ್ಲಿ ಓದಿದವರು. ವಕೀಲರಿಗೆ ಕೇಸು ಇದ್ದಂತೆ ವ್ಯಾಪಾರಿಗೂ ಕೇಸು ಯಾಕಿರಬಾರದು ಅಂದರು.

1921ರಲ್ಲಿ ಮೊದಲ ಕೇಸು ಬರೆದದ್ದಾಯಿತು. ಒಂದು ಶೂ ಕಾರ್ಖಾನೆಯ ಕಥೆ. ಕೆಲಸಗಾರರು ಬಿಡುವ ಗಂಟೆ ಹೊಡೆಯುವ ಮುಂಚೆಯೇ ಕೆಲಸ ನಿಲ್ಲಿಸಿಬಿಡುತ್ತಿದ್ದರು. ಯಾಕೆ? ಮಾಲೀಕ ಏನು ಮಾಡಬೇಕು? ಅಷ್ಟೇ. ಇಡೀ ಕೇಸು ಒಂದೇ ಪುಟ. ಉತ್ತರ ಅದರಲ್ಲಿ ಇರಲಿಲ್ಲ.

ಅದೇ ಹಾರ್ವರ್ಡಿನವರ ಸಹಾಯದಿಂದ ನಮ್ಮ ದೇಶದಲ್ಲಿ 1961ರಲ್ಲಿ ಅಹಮದಾಬಾದಿನ ಐ.ಐ.ಎಂ. ಶುರುವಾಯಿತು. ಕೇಸಿನ ಪಾಠವೂ ಅದರ ಜೊತೆ ಬಂತು. 1973ರಲ್ಲಿ ಬೆಂಗಳೂರಿಗೂ ಐ.ಐ.ಎಂ. ಬಂತು. ಈಗ ಜಿಲ್ಲೆ ಜಿಲ್ಲೆಯ ಎಂ.ಬಿ.ಎ. ಕಾಲೇಜುಗಳಲ್ಲೂ ಕೇಸಿನ ಹೆಸರು ಕೇಳುತ್ತದೆ.

ಕೇಸ್ ಅಂದರೆ ಇಷ್ಟೇ: ಒಂದು ವ್ಯಾಪಾರ ಯಾವುದೋ ಇಕ್ಕಟ್ಟಿನಲ್ಲಿ ಸಿಕ್ಕಿದೆ. ಅದರ ಕಥೆ, ಲೆಕ್ಕ, ಅರ್ಧಂಬರ್ಧ ಮಾಹಿತಿ ಕೊಡುತ್ತಾರೆ. ನೀನು ಮಾಲೀಕನಾಗಿದ್ದರೆ ಏನು ಮಾಡುತ್ತಿದ್ದೆ, ಹೇಳು. ಬಸ್ ಪ್ರಯಾಣಿಕರಿಗೆ ಇದು ಹೊಸದಲ್ಲ. ಚನ್ನಗಿರಿ ಕಡೆಯ ಬಸ್ಸು ತುಂಬಿ ತುಳುಕುತ್ತಿದೆ. ಹಿಂದೆ ಇನ್ನೊಂದು ಇದೆ ಅಂತ ಯಾರೋ ಹೇಳುತ್ತಾರೆ, ಇಲ್ಲ ಅಂತ ಇನ್ಯಾರೋ. ಹತ್ತುವುದೋ, ನಿಲ್ಲುವುದೋ? ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ತೀರ್ಮಾನ ಆಗಬೇಕು. ಅದೇ ಕೇಸು. ಸ್ಪರ್ಧೆ ಅಂದರೆ ಹತ್ತಾರು ತಂಡಗಳಿಗೆ ಅದೇ ಕೇಸು ಕೊಟ್ಟು, ಗಡಿಯಾರ ಇಟ್ಟು, ಜಡ್ಜುಗಳ ಮುಂದೆ ನಿಲ್ಲಿಸುವುದು.

ಕೆನಡಾ ದೇಶದ ಮಾಂಟ್ರಿಯಲ್ ನಗರದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಹುಡುಗರಿಗೆ ಇಂಥ ಅಂತರರಾಷ್ಟ್ರೀಯ ಪಂದ್ಯ 1981ರಿಂದ ನಡೆದುಬಂದಿದೆ. ನಾಲ್ಕು ನಾಲ್ಕು ಜನರ ತಂಡ, ಒಂದು ಕೇಸಿಗೆ ಮೂರು ಗಂಟೆ, ಎದುರಿಗೆ ಕಂಪನಿ ನಡೆಸುವವರೇ ಜಡ್ಜುಗಳು. ನಮ್ಮಲ್ಲಿ ಹಿಂದೂಸ್ತಾನ್ ಯೂನಿಲಿವರ್, ಮಹೀಂದ್ರಾ, ಟಾಟಾ ಸ್ಟೀಲ್‌ನಂಥ ದೊಡ್ಡ ಕಂಪನಿಗಳೂ ದೊಡ್ಡ ಕಾಲೇಜುಗಳ ಹುಡುಗರಿಗೆ ಇಂಥ ಪಂದ್ಯ ನಡೆಸಿವೆ. ಗೆದ್ದವರನ್ನು ನೌಕರಿಯ ಸಂದರ್ಶನಕ್ಕೆ ನೇರವಾಗಿ ಕರೆಯುವುದೂ ಉಂಟು.

ಮೂರು ಗಂಟೆ ಅಂದಾಗ ನನಗೆ ನಗು ಬಂತು. ನಮ್ಮ ಸಂಜೆ ಪತ್ರಿಕೆಯ ಬಾಳೇ ಅದು. ಹತ್ತು ಗಂಟೆಗೆ ಸುದ್ದಿ ಸಿಗುತ್ತದೆ, ಒಂದು ಗಂಟೆಗೆ ಪುಟ ಮುಚ್ಚುತ್ತದೆ. ಅರ್ಧ ಗೊತ್ತಿರುತ್ತದೆ, ಅರ್ಧ ಗೊತ್ತಿರುವುದಿಲ್ಲ. ಬರೆಯಲೇಬೇಕು, ನಾಳೆ ಅದಕ್ಕೆ ಉತ್ತರವನ್ನೂ ಕೊಡಬೇಕು.

ಅರವತ್ತು ಮನೆಯ ಉದ್ರಿ

ಕಾಲೇಜಿನ ಹಾಲಿನಲ್ಲಿ ಹದಿನಾಲ್ಕು ತಂಡ. ಹುಬ್ಬಳ್ಳಿ, ಶಿವಮೊಗ್ಗ, ಚಿತ್ರದುರ್ಗದಿಂದಲೂ ಬಂದಿದ್ದರು. ಐವತ್ತಾರು ಹುಡುಗ ಹುಡುಗಿಯರು, ಐವತ್ತಾರು ಕೋಟು. ಫ್ಯಾನು ತಿರುಗುತ್ತಿದ್ದರೂ ಬೆವರು. ಜಡ್ಜುಗಳು ಮೂವರು: ಒಬ್ಬ ಬ್ಯಾಂಕ್ ಅಧಿಕಾರಿ, ಒಬ್ಬ ಆಡಿಟರ್, ಬೆಂಗಳೂರಿನ ಕಂಪನಿಯಿಂದ ಬಂದ ಒಬ್ಬ ಮೇಡಂ. ಸಾಹುಕಾರರೂ ನಾನೂ ಕೊನೇ ಬೆಂಚಿನಲ್ಲಿ.

ಕೇಸಿನ ಕಾಗದ ನನಗೂ ಒಂದು ಸಿಕ್ಕಿತು. ಓದಿದವನು ಸಾಹುಕಾರರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನಾಲ್ಕು ಸಾಲು ಕಷ್ಟಪಟ್ಟು ಓದಿ, "ಇದು ನಮ್ಮ ಅಂಗಡೀನ ಅಲ್ಲೇನ್ರಿ!" ಅಂದರು.

ಅವರ ಅಂಗಡಿಯಲ್ಲ, ಕಾಲೇಜಿನ ಮೇಷ್ಟ್ರು ಊಹಿಸಿ ಬರೆದದ್ದು. ಆದರೆ ಲೆಕ್ಕ ಹೆಚ್ಚುಕಮ್ಮಿ ನಮ್ಮೂರಿನ ಯಾವ ಕಿರಾಣಿ ಅಂಗಡಿಗೂ ಹೊಂದುವಂತಿತ್ತು. ವ್ಯಾಪಾರಿ ಓದುಗರು ಪೆನ್ಸಿಲು ಹಿಡಿದೇ ನೋಡಬಹುದು.

ದಿನದ ವ್ಯಾಪಾರ 12,000 ರೂಪಾಯಿ. ಅದರಲ್ಲಿ 7,000 ನಗದು, 5,000 ಉದ್ರಿ. ತಿಂಗಳಿಗೆ 3,60,000. ನೂರಕ್ಕೆ ಹತ್ತರಂತೆ ಉಳಿಯುವುದು 36,000. ಬಾಡಿಗೆ 9,000, ಹುಡುಗನ ಸಂಬಳ 9,000, ಕರೆಂಟು ಇತ್ಯಾದಿ 2,000 ಕಳೆದರೆ ಮನೆಗೆ ಒಯ್ಯುವುದು 16,000. ಉದ್ರಿ ಖಾತೆ ಅರವತ್ತು ಮನೆ. ಹೊರಗೆ ನಿಂತ ಬಾಕಿ 1,80,000. ವರ್ಷಕ್ಕೆ 18,000 ರೂಪಾಯಿ ವಸೂಲಾಗದೆ ಮುಳುಗುತ್ತದೆ. ಹೋಲ್‌ಸೇಲ್ ಮಂಡಿಯವರು ಮೊದಲಿನ ಹಾಗೆ ತಿಂಗಳುಗಟ್ಟಲೆ ಕಾಯುವುದಿಲ್ಲ, ವಾರಕ್ಕೇ ದುಡ್ಡು ಕೇಳುತ್ತಿದ್ದಾರೆ. ಬೀದಿಯ ತುದಿಯಲ್ಲಿ ಹೊಸ ಸೂಪರ್ ಮಾರ್ಕೆಟ್ ಬಂದಿದೆ. ಮಾಲೀಕ ಉದ್ರಿ ನಿಲ್ಲಿಸಬೇಕೋ, ಬೇಡವೋ?

ಮೂರು ಗಂಟೆ. ಫೋನು ಒಳಗೆ ಬಿಡುವಂತಿಲ್ಲ. ಹೊರಗೆ ಸಾಹುಕಾರರು ಎರಡು ಸಲ ಚಹಾ ಕುಡಿದರು, ಮೂರು ಸಲ ಅಂಗಡಿ ಹುಡುಗನಿಗೆ ಫೋನ್ ಮಾಡಿದರು.

ಎಲ್ಲರ ಬಾಯಲ್ಲೂ ಆ್ಯಪು

ಮಧ್ಯಾಹ್ನದ ಊಟವಾದ ಮೇಲೆ ಒಂದೊಂದೇ ತಂಡ ಸ್ಟೇಜು ಹತ್ತಿತು. ಹನ್ನೆರಡು ನಿಮಿಷ ಮಾತು, ಎಂಟು ನಿಮಿಷ ಪ್ರಶ್ನೆ.

ಮೊದಲ ಆರು ತಂಡಗಳದ್ದು ಹೆಚ್ಚುಕಡಿಮೆ ಒಂದೇ ರಾಗ. ಉದ್ರಿ ನಿಲ್ಲಿಸಿ. ಆ್ಯಪು ಮಾಡಿ. ಅಂಗಡಿಗೆ ಬಣ್ಣ ಹೊಡೆಸಿ, ಎ.ಸಿ. ಹಾಕಿಸಿ. ಪರದೆಯ ಮೇಲೆ ಬಾಣಗಳು ಮೇಲಕ್ಕೇ ಹೋದವು. ಇಂಗ್ಲಿಷು ಹೊಳೆಯಂತೆ ಹರಿಯಿತು. ಸಾಹುಕಾರರು ನನ್ನ ಕಿವಿಯಲ್ಲಿ, "ತಿಂಗಳಿಗೆ ಹದಿನಾರು ಸಾವಿರ ಉಳಿಯೋನು ಎ.ಸಿ. ಕರೆಂಟ್ ಬಿಲ್ ಎಲ್ಲಿಂದ ಕಟ್ಟತಾನ?" ಅಂದರು. ಅದೇ ಪ್ರಶ್ನೆಯನ್ನು ಆಡಿಟರ್ ಜಡ್ಜು ಸ್ಟೇಜಿನ ಮೇಲಿದ್ದವರಿಗೆ ಕೇಳಿದರು. ಹುಡುಗ ಪರದೆ ನೋಡಿದ, ಪರದೆ ಏನೂ ಹೇಳಲಿಲ್ಲ. ಹಾಲಿನಲ್ಲಿ ಸಣ್ಣ ನಗೆ. ಸಾಹುಕಾರರು ನೆಟ್ಟಗೆ ಕೂತರು.

ಒಂಬತ್ತನೆಯದು ಸಾಹುಕಾರರ ಮಗಳ ತಂಡ. ಆ ಹುಡುಗಿ ಮೊದಲು ತಡವರಿಸಿದಳು. ಇಂಗ್ಲಿಷು ಅಷ್ಟು ಸಲೀಸಲ್ಲ. ಆದರೆ ಬೋರ್ಡಿನ ಮೇಲೆ ಬರೆದ ಲೆಕ್ಕ ಎಲ್ಲರಿಗೂ ತಿಳಿಯುವಂತಿತ್ತು.

ಉದ್ರಿ ಪೂರಾ ನಿಲ್ಲಿಸಿದರೆ ಮಾಲೀಕನಿಗೆ ಲಾಭ ಏನು? 1,80,000 ಕೈಗೆ ಬರುತ್ತದೆ. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ ಹಿಡಿದರೆ 2,700 ರೂಪಾಯಿ ಉಳಿತಾಯ. ಮುಳುಗುವ ಸಾಲ ತಿಂಗಳಿಗೆ 1,500, ಅದೂ ಉಳಿಯಿತು. ಒಟ್ಟು 4,200.

ನಷ್ಟ ಏನು? ಅರವತ್ತು ಮನೆ ತಿಂಗಳಿಗೆ ಒಂದೂವರೆ ಲಕ್ಷದ ಸಾಮಾನು ಒಯ್ಯುತ್ತವೆ. ಮನೆಗೆ 2,500. ಅದರಲ್ಲಿ ಮಾಲೀಕನಿಗೆ ಉಳಿಯುವುದು 250. ಹದಿನಾರು ಮನೆ ಅಂಗಡಿ ಬಿಟ್ಟರೆ 4,000 ಹೋಯಿತು, ಇನ್ನೂ ಇನ್ನೂರು ರೂಪಾಯಿ ಲಾಭವೇ. ಹದಿನೇಳನೆಯ ಮನೆ ಬಿಟ್ಟಿತೋ, 4,250. ಉದ್ರಿ ನಿಲ್ಲಿಸಿದ್ದೇ ನಷ್ಟ.

"ಆದ್ದರಿಂದ ಪೂರಾ ನಿಲ್ಲಿಸುವುದು ಬೇಡ, ಮನೆ ನೋಡಿ ನಿಲ್ಲಿಸಿ" ಅಂದಳು.

ಹಾಲು ನಿಶ್ಶಬ್ದವಾಯಿತು. ಬೆಳಿಗ್ಗೆಯಿಂದ ಎಂಟು ತಂಡ ಮಾತಾಡಿದ್ದವು, ಈ ಹದಿನೇಳು ಅನ್ನುವ ಅಂಕಿ ಯಾರ ಬಾಯಲ್ಲೂ ಬಂದಿರಲಿಲ್ಲ. ನಾನು ಪಿ.ಯು.ಸಿ.ಯಲ್ಲಿ ಅಕೌಂಟೆನ್ಸಿ ಬಿಟ್ಟು ಓಡಿಬಂದವನು. ನನಗೂ ಅರ್ಥವಾಯಿತು ಅಂದರೆ ಓದುಗರೇ ಊಹಿಸಿಕೊಳ್ಳಿ.

ಆಗ ಬ್ಯಾಂಕ್ ಅಧಿಕಾರಿ ಕನ್ನಡದಲ್ಲೇ ಕೇಳಿದರು. "ಲೆಕ್ಕ ಚೆನ್ನಾಗಿದೆಯಮ್ಮ. ಹದಿನೇಳು ಮನೆ ಅಂದೆಯಲ್ಲ, ಯಾವ ಹದಿನೇಳು? ಯಾರು ಬಿಡುತ್ತಾರೆ, ಯಾರು ಉಳಿಯುತ್ತಾರೆ ಅಂತ ಮಾಲೀಕನಿಗೆ ಗೊತ್ತಾಗುವುದು ಹೇಗೆ?"

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ತಂಡದವರು ಮುಖ ಮುಖ ನೋಡಿಕೊಂಡರು. ಅದು ಕಾಗದದಲ್ಲಿ ಇರಲಿಲ್ಲ. ಕೊನೆಗೆ, "ಗೊತ್ತಿಲ್ಲ ಸರ್" ಅಂದಳು.

ನನ್ನ ಪಕ್ಕದಲ್ಲಿ ಸಾಹುಕಾರರು ಕುರ್ಚಿಯ ತುದಿಗೆ ಬಂದಿದ್ದರು. ಅವರ ಕೈ ಅರ್ಧ ಮೇಲೆದ್ದು ಕೆಳಗಿಳಿದದ್ದನ್ನು ನಾನು ನೋಡಿದೆ.

ಸಂಜೆ ಬಹುಮಾನ ಹಂಚಿದರು. ಮೊದಲನೆಯದು ಹುಬ್ಬಳ್ಳಿಯ ತಂಡಕ್ಕೆ. ಅವರು ಒಂದು ಪ್ರಶ್ನೆಗೂ ತಡವರಿಸಲಿಲ್ಲ, ಒಪ್ಪಬೇಕಾದ ಮಾತು. ಸಾಹುಕಾರರ ಮಗಳ ತಂಡಕ್ಕೆ ಸರ್ಟಿಫಿಕೇಟು ಮತ್ತು ಒಂದು ಪೆನ್ನು.

ಹಾಗಾದರೆ ಬೆಲೆ ಏನು?

ಪೆನ್ನಿನ ಬೆಲೆ ಹತ್ತು ರೂಪಾಯಿ ಇರಬಹುದು. ಕೋಟು, ಫೀಜು ಸೇರಿ ಖರ್ಚು ಎರಡು ಸಾವಿರ. ಇಷ್ಟೇ ನೋಡಿದರೆ ಶುದ್ಧ ನಷ್ಟದ ವ್ಯಾಪಾರ. ಆದರೆ "ಗೊತ್ತಿಲ್ಲ ಸರ್" ಅನ್ನುವ ಎರಡು ಮಾತಿಗೆ ನನ್ನ ಲೆಕ್ಕದಲ್ಲಿ ಬೆಲೆ ಜಾಸ್ತಿ.

ನಮ್ಮ ಪರೀಕ್ಷೆಗಳಲ್ಲಿ ಪ್ರಶ್ನೆಗೆ ಬೇಕಾದ ಅಂಕಿಯೆಲ್ಲ ಪ್ರಶ್ನೆಯಲ್ಲೇ ಇರುತ್ತದೆ. ಎಡಗಡೆ ಬಲಗಡೆ ತಾಳೆಯಾದರೆ ಮಾರ್ಕು. ಅಂಗಡಿಯಲ್ಲಿ ಹಾಗಿಲ್ಲ. ಬೇಕಾದ ಅಂಕಿ ಒಂದು ಇರುವುದೇ ಇಲ್ಲ, ಅದು ಯಾವುದು ಅಂತ ಗೊತ್ತಾಗುವಷ್ಟರಲ್ಲಿ ದುಡ್ಡು ಹೋಗಿರುತ್ತದೆ. ಅಂಗಡಿಯವನು ಹತ್ತು ವರ್ಷ ಕೈ ಸುಟ್ಟುಕೊಂಡು ಕಲಿಯುವುದನ್ನು ಹುಡುಗರು ಯಾರ ದುಡ್ಡೂ ಮುಳುಗದಂತೆ ಒಂದು ಮಧ್ಯಾಹ್ನ ಕಲಿಯಲಿ ಅನ್ನುವುದೇ ಕೇಸಿನ ಉಪಯೋಗ. ಕಲಿಯುವುದು ಉತ್ತರವನ್ನಲ್ಲ, ಯಾವುದು ಗೊತ್ತಿಲ್ಲ ಅನ್ನುವುದನ್ನು. ಅದೂ ನಾಲ್ಕು ಜನರ ಎದುರು, ಪ್ರಶ್ನೆ ಕೇಳುವವರ ಮುಂದೆ ನಿಂತು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಅಡಗಬಹುದು. ಸ್ಟೇಜಿನ ಮೇಲೆ ಅಡಗಲು ಜಾಗವಿಲ್ಲ.

ಇನ್ನೊಂದು ಉಪಯೋಗ. ನಾಲ್ಕು ಜನ ಮೂರು ಗಂಟೆಯಲ್ಲಿ ಒಂದು ಮಾತಿಗೆ ಬರಬೇಕು. ಜಗಳ ಆಡಿ, ಒಬ್ಬರ ಮಾತು ಒಬ್ಬರು ಕೇಳಿ, ಲೆಕ್ಕ ಒಬ್ಬರು, ಮಾತು ಒಬ್ಬರು ಅಂತ ಹಂಚಿಕೊಳ್ಳಬೇಕು. ಪಾಲುದಾರಿಕೆಯಲ್ಲಿ ಅಂಗಡಿ ಹಾಕಿ ಬೇರೆಯಾದವರಿಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ.

ನಮ್ಮ ನಾಡಿನದೇ ಒಂದು ಉದಾಹರಣೆ ತೆಗೆದುಕೊಳ್ಳಿ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ನೇಕಾರರಿಗೆ ಆಸರೆಯಾಗಲಿ ಅಂತ 8,000 ರೂಪಾಯಿ ಬಂಡವಾಳದಲ್ಲಿ ಒಂದು ಪುಟ್ಟ ಬ್ಯಾಂಕು ಮಾಡಿದರು. ಬಡವರ ಹತ್ತಿರ ಉಳಿತಾಯಕ್ಕೆ ದುಡ್ಡಿಲ್ಲ, ಇದ್ದರೂ ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜಿಕೆ. ಏನು ಮಾಡಬೇಕು? ಇದನ್ನೇ ಕೇಸು ಮಾಡಿ ಇವತ್ತಿನ ಹುಡುಗರಿಗೆ ಕೊಡಿ. 1928ರಲ್ಲಿ ಆ ಬ್ಯಾಂಕು ಮಾಡಿದ್ದು ಇದು: ಗಿರಾಕಿ ಬರದಿದ್ದರೆ ನಾವೇ ಹೋಗೋಣ, ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಏಜೆಂಟು ಮನೆ ಮನೆ ಸುತ್ತಬೇಕು. ಎಂಟು ಮನೆ ತಿರುಗಿದರೆ ಒಂದು ರೂಪಾಯಿ. ನೂರು ಮನೆ ತಿರುಗಿದರೆ ಹನ್ನೆರಡೂವರೆ ರೂಪಾಯಿ. ತಿರುಗುವವನ ಕೂಲಿ ಗಿಟ್ಟುತ್ತದೆಯೇ? ಬರೀ ಲೆಕ್ಕ ನೋಡುವವನು ಬೇಡ ಅನ್ನುತ್ತಿದ್ದ. ಆದರೆ ದಿನಾ ಮನೆ ಬಾಗಿಲಿಗೆ ಹೋದವನಿಗೆ ಆ ಮನೆಯ ಕಷ್ಟಸುಖ, ಸಾಲ ಕೊಟ್ಟರೆ ತೀರಿಸುವ ಶಕ್ತಿ ಎಲ್ಲ ತಿಳಿಯುತ್ತದೆ. ಅದು ಕಾಗದದಲ್ಲಿ ಇಲ್ಲದ ಅಂಕಿ. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕಾಗಿ, 1969ರಲ್ಲಿ ರಾಷ್ಟ್ರೀಕರಣವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ಅನ್ನುವ ಹೆಸರು ನಮ್ಮ ಬೀದಿಗಳಲ್ಲಿ ಇನ್ನೂ ಉಳಿದಿದೆ. ಸಂಜೆ ಅಂಗಡಿ ಮುಂದೆ ಸಣ್ಣ ಮಷೀನು ಹಿಡಿದು ನಿಲ್ಲುವ ಪಿಗ್ಮಿ ಏಜೆಂಟನನ್ನು ಕೇಳಿ ನೋಡಿ, ಯಾವ ಅಂಗಡಿಗೆ ಯಾವ ವಾರ ಕೈ ಬಿಗಿ ಅಂತ ಕಣ್ಣು ಮುಚ್ಚಿ ಹೇಳುತ್ತಾನೆ.

ಓದಿದವರೇ ಕೇಸಿನ ನಾಯಕರಾಗಬೇಕು ಅಂತಲೂ ಇಲ್ಲ. ಮುಂಬಯಿಯ ಡಬ್ಬಾವಾಲಾಗಳ ಮೇಲೆ ಹಾರ್ವರ್ಡಿನವರು 2010ರಲ್ಲಿ ಕೇಸು ಬರೆದರು. ಹೆಚ್ಚು ಓದಿಲ್ಲದವರು, ಬಿಳಿ ಟೋಪಿಯವರು, ಡಬ್ಬದ ಮೇಲಿನ ಗುರುತು ನೋಡಿ ಲೋಕಲ್ ರೈಲಿನಲ್ಲಿ ಊಟ ತಪ್ಪದೆ ತಲುಪಿಸುತ್ತಾರಲ್ಲ, ಹೇಗೆ ಅಂತ ಅಮೆರಿಕದ ಹುಡುಗರು ಕೂತು ಓದುತ್ತಾರೆ. ಪಿ.ಯು.ಸಿ. ಬಿಟ್ಟ ನನಗೆ ಇದನ್ನು ಕೇಳಿ ಸ್ವಲ್ಪ ಸಮಾಧಾನ.

ದೂರುಗಳೂ ಇವೆ

ಬರೀ ಹೊಗಳಿ ಮುಗಿಸಿದರೆ ಕಾಲೇಜಿನವರ ಜಾಹೀರಾತು ಆದೀತು. ನಾನು ಕಂಡ ಹುಳುಕನ್ನೂ ಬರೆಯಬೇಕು.

ಒಂದು: ಇಂಗ್ಲಿಷು. ಲೆಕ್ಕ ಗೊತ್ತಿದ್ದ ಮೂರು ತಂಡಗಳು ಮಾತು ಬಾರದೆ ಸೋತದ್ದನ್ನು ಕಣ್ಣಾರೆ ಕಂಡೆ. ಕಿರಾಣಿ ಅಂಗಡಿಯ ಉದ್ರಿಯ ಮಾತಿಗೆ ಇಂಗ್ಲಿಷೇ ಯಾಕೆ? ಜಡ್ಜು ಕನ್ನಡದಲ್ಲಿ ಪ್ರಶ್ನೆ ಕೇಳಬಹುದಾದರೆ ಹುಡುಗಿ ಕನ್ನಡದಲ್ಲಿ ಉತ್ತರ ಹೇಳಬಾರದೇ?

ಎರಡು: ಪರದೆಯ ಮೋಹ. ಮೂರು ಗಂಟೆಯಲ್ಲಿ ಎರಡು ಗಂಟೆ ಬಣ್ಣ ಬಣ್ಣದ ಚಿತ್ರಕ್ಕೇ ಹೋಯಿತು ಅಂತ ಹುಡುಗನೊಬ್ಬ ತಾನೇ ಒಪ್ಪಿಕೊಂಡ.

ಮೂರು: ಕೆಲವರಿಗೆ ಇದು ಸರ್ಟಿಫಿಕೇಟಿನ ವ್ಯಾಪಾರ. ಊರಿಂದೂರಿಗೆ ಅದೇ ಆ್ಯಪು, ಅದೇ ಬಾಣ ಹೊತ್ತು ತಿರುಗುತ್ತಾರೆ. ಕೇಸು ಬೇರೆ, ಉತ್ತರ ಒಂದೇ. ಎಲ್ಲ ಕಾಯಿಲೆಗೂ ಒಂದೇ ಗುಳಿಗೆ ಕೊಡುವ ಡಾಕ್ಟರರಂತೆ.

ನಾಲ್ಕು: ಕಂಪನಿಗಳು ಪಂದ್ಯ ನಡೆಸಿದಾಗ ನೂರಾರು ಹುಡುಗರ ತಲೆಯ ವಿಚಾರ ಒಂದು ಟ್ರೋಫಿಯ ಬೆಲೆಗೆ ಸಿಗುತ್ತದೆ. ಗೆಲ್ಲುವವರು ನಾಲ್ಕು ಜನ, ದುಡಿದವರು ಎಲ್ಲರೂ. ಮಕ್ಕಳು ಇದನ್ನು ತಿಳಿದೇ ಹೋಗಲಿ.

ಐದು, ಇದೇ ದೊಡ್ಡದು: ಉತ್ತರ ಹೇಳಿದವರು ಮನೆಗೆ ಹೋಗುತ್ತಾರೆ. ಹೇಳಿದ್ದು ಸರಿಯೋ ತಪ್ಪೋ ಯಾರೂ ನೋಡುವುದಿಲ್ಲ. ಅಂಗಡಿಯವನಿಗೆ ಆ ಸೌಕರ್ಯ ಇಲ್ಲ. ಅವನು ಬೆಳಿಗ್ಗೆ ಮತ್ತೆ ಶಟರು ಎತ್ತಬೇಕು.

ಕೆಂಪು ಪುಸ್ತಕ

ಇಲ್ಲಿಗೆ ಬರಹ ಮುಗಿಯಬೇಕಿತ್ತು. ಆದರೆ ಮಂಗಳವಾರ ರಾತ್ರಿ ಬಾಕಿ ಬಿಲ್ಲಿಗೆ ಮತ್ತೆ ಹೋದೆ. ಒಂಬತ್ತು ಗಂಟೆ. ಶಟರು ಅರ್ಧ ಇಳಿದಿತ್ತು. ಒಳಗೆ ಅಕ್ಕಿ ಮೂಟೆಯ ಮೇಲೆ ತಂದೆ, ಎಣ್ಣೆ ಡಬ್ಬದ ಮೇಲೆ ಮಗಳು, ನಡುವೆ ಕೆಂಪು ರಟ್ಟಿನ ಉದ್ರಿ ಪುಸ್ತಕ.

ಹುಡುಗಿ ಮೂರು ರಾತ್ರಿಯಿಂದ ತಂದೆಯ ಉದ್ರಿ ಖಾತೆಯನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದಾಳಂತೆ. ನಲವತ್ತೆಂಟು ಮನೆ. ಸಂಬಳವಾದ ವಾರದಲ್ಲಿ ಕೊಡುವವರು ಒಂದು ಸಾಲು, ಎಳೆದೆಳೆದು ಕೊಡುವವರು ಒಂದು ಸಾಲು, ಆರು ತಿಂಗಳಿಂದ ಮುಖ ತೋರಿಸದವರು ಒಂದು ಸಾಲು.

"ನೋಡ್ರಿ ಅಂಕಲ್" ಅಂತ ನನಗೆ ತೋರಿಸಿದಳು. ಹೆಸರುಗಳ ಮೇಲೆ ಕೈ ಮುಚ್ಚಿದ್ದಳು, ಅದು ಸರಿಯೇ. ಎಲ್ಲಕ್ಕಿಂತ ಹಳೇ ಬಾಕಿ ಇದ್ದದ್ದು ಮಾಳಿಗೆ ಮನೆಯ, ಕಾರು ಇಟ್ಟುಕೊಂಡ ಗಿರಾಕಿಯದು. ಪ್ರತಿ ಶನಿವಾರ ತಪ್ಪದೆ ಚುಕ್ತಾ ಮಾಡುತ್ತಿದ್ದವರು ಗಾರೆ ಕೆಲಸಕ್ಕೆ ಹೋಗುವ ನಾಲ್ಕು ಹೆಂಗಸರು.

"ನಿಮಗೆ ಗೊತ್ತಿರಲಿಲ್ಲವೇ?" ಅಂತ ಸಾಹುಕಾರರನ್ನು ಕೇಳಿದೆ.

"ಗೊತ್ತಿತ್ರೀ. ಹಿಂಗ ಒಂದ ಹಾಳ್ಯಾಗ ನೋಡಿರಲಿಲ್ಲ."

ಆಮೇಲೆ ಮಗಳು ಅದೇ ಪ್ರಶ್ನೆ ತೆಗೆದಳು. "ಅಪ್ಪಾಜಿ, ಉದ್ರಿ ನಿಲ್ಲಿಸಿದ್ರ ಯಾವ ಮನೆಯವರು ಬಿಡ್ತಾರ?"

ಸಾಹುಕಾರರು ಬೀಡಿ ಕಟ್ಟು ಸರಿಸಿಟ್ಟು ನಿಧಾನವಾಗಿ ಹೇಳಿದರು. "ನೀವು ಲೆಕ್ಕ ಹಾಕಿದ್ದು ಛಲೋ ಐತವ್ವ. ಆದ್ರ ಬುಡದಾಗ ಒಂದು ತಪ್ಪೈತಿ. ಉದ್ರಿ ನಿಲ್ಲಿಸಿದ್ರ ಹಳೇ ಬಾಕಿ ಒಂದು ಲಕ್ಷದ ಎಂಬತ್ತು ಸಾವಿರ ಪೂರಾ ಬರ್ತೈತಿ ಅಂತ ಹಿಡಿದೀರಿ. ಎಲ್ಲಿ ಬರ್ತೈತಿ? ನಾಳೆ ಅಕ್ಕಿ ಬೇಕು ಅಂತಲೇ ಅವ್ರು ಹಳೇದು ತೀರಸ್ತಾರ. ಹೊಸಾ ಉದ್ರಿ ಬಂದ್ ಆತು ಅಂದ್ರ ಹಳೇದೂ ಬಂದ್. ಬಾಕಿ ಭಾಳ ಇದ್ದವನು ಮದ್ಲು ಬಿಡ್ತಾನ. ಬ್ಯಾರೆ ಬೀದೀಲೆ ಹೊಕ್ಕಾನ, ಮುಖ ತಪ್ಪಸ್ತಾನ. ಗಿರಾಕೀನೂ ಹೋತು, ರೊಕ್ಕನೂ ಹೋತು."

ಹುಡುಗಿ ಪೆನ್ನು ಹಿಡಿದವಳು ಹಾಗೇ ಕೂತಳು. ಹದಿನಾಲ್ಕು ತಂಡ, ಮೂವರು ಜಡ್ಜು, ಒಬ್ಬ ಮೇಷ್ಟ್ರು ಯಾರೂ ಹೇಳದ ಮಾತು ಅದು. ಬಾಕಿಯಲ್ಲಿ ಅರ್ಧ, ಅಂದರೆ 90,000 ಮುಳುಗಿತು ಅಂತ ಹಿಡಿಯಿರಿ. ತಿಂಗಳಿಗೆ 16,000 ಉಳಿಯುವವನಿಗೆ ಅದು ಐದೂವರೆ ತಿಂಗಳ ಸಂಪಾದನೆ. ಹದಿನೇಳು ಮನೆ ಬಿಡುವ ತನಕ ಕಾಯಬೇಕಾಗಿಯೇ ಇಲ್ಲ.

"ಅಪ್ಪಾಜಿ, ಇದನ್ನ ಅವತ್ತು ಹಾಲಿನ್ಯಾಗ ಯಾಕ ಹೇಳಲಿಲ್ಲ ನೀವು?"

"ನನ್ನ ಯಾರು ಕೇಳಿದ್ರವ್ವ?"

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ತಂದೆಮಗಳು ಒಂದು ತೀರ್ಮಾನಕ್ಕೆ ಬಂದರು. ಉದ್ರಿ ಯಾರಿಗೂ ಒಮ್ಮೆಗೇ ನಿಲ್ಲಿಸುವುದಿಲ್ಲ. ಎಳೆಯುವವರಿಗೆ ಒಂದು ಮಿತಿ: ಹಳೇದರಲ್ಲಿ ಐನೂರು ಕೊಟ್ಟರೆ ಹೊಸದರಲ್ಲಿ ನಾನೂರರ ಸಾಮಾನು. ಹಾಗೆ ಬಾಕಿ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ಮಾಳಿಗೆ ಮನೆಗೆ ಮಾತ್ರ ಸಾಹುಕಾರರೇ ಖುದ್ದಾಗಿ ಹೋಗಿಬರುವುದು. ಇದು ಫಲಿಸುತ್ತದೋ ಇಲ್ಲವೋ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಪುಸ್ತಕ ತೆಗೆಯುವಾಗ ಗೊತ್ತಾಗುತ್ತದೆ. ಇದಕ್ಕೆ ಜಡ್ಜು ಯಾರೂ ಇಲ್ಲ, ಗಲ್ಲಾಪೆಟ್ಟಿಗೆಯೇ ಜಡ್ಜು.

ಆದ್ದರಿಂದ ತಂದೆತಾಯಿಗಳಿಗೆ ನನ್ನದೊಂದು ಮಾತು. ಮಗಳೋ ಮಗನೋ ಕೇಸ್ ಕಾಂಪಿಟಿಷನ್ನಿಗೆ ಬಸ್ ಚಾರ್ಜು ಕೇಳಿದರೆ ಗೊಣಗದೆ ಕೊಡಿ. ಕೋಟನ್ನು ಬೇಕಾದರೆ ಸ್ನೇಹಿತರ ಹತ್ತಿರ ಎರವಲು ತರಲಿ. ವಾಪಸ್ಸು ಬಂದಾಗ ಪ್ರೈಜು ಬಂತೇ ಅಂತ ಕೇಳಬೇಡಿ. ಯಾವ ಪ್ರಶ್ನೆಗೆ ಉತ್ತರ ಗೊತ್ತಾಗಲಿಲ್ಲ ಅಂತ ಕೇಳಿ. ಅದಕ್ಕೆ ಉತ್ತರ ಬಂದರೆ ನಿಮ್ಮ ದುಡ್ಡು ವಸೂಲು. ಎಲ್ಲಕ್ಕೂ ಉತ್ತರ ಹೇಳಿದೆ ಅಂದರೆ ಮಾತ್ರ ಸ್ವಲ್ಪ ಯೋಚನೆ ಮಾಡಿ.

ಕಾಲೇಜಿನವರಿಗೂ ಒಂದು ಮಾತು. ಮುಂದಿನ ಸಲ ಜಡ್ಜುಗಳ ಮೇಜಿಗೆ ನಾಲ್ಕನೆಯ ಕುರ್ಚಿ ಹಾಕಿ. ಬೆಂಗಳೂರಿಗೆ ಕಾರು ಕಳಿಸಬೇಕಾಗಿಲ್ಲ. ಮಂಡಿಪೇಟೆಗೆ ಒಬ್ಬ ಹುಡುಗನನ್ನು ಕಳಿಸಿ, ಮೂವತ್ತು ವರ್ಷ ಉದ್ರಿ ಕೊಟ್ಟು ಬದುಕಿದ ಒಬ್ಬ ವ್ಯಾಪಾರಿಯನ್ನು ಕರೆದು ಕೂರಿಸಿ. ಕೋಟು ಇರುವುದಿಲ್ಲ, ಪ್ರಶ್ನೆ ಇರುತ್ತದೆ.

ನನ್ನ ಬಾಕಿ ಬಿಲ್ಲಿನ ವಿಚಾರ ಕೇಳುತ್ತೀರಾ? ಹುಡುಗಿ ನೋಟ್‌ಬುಕ್ಕು ತಿರುವಿ, "ಅಂಕಲ್, ನಮ್ಮ ಮನೆಯಿಂದ ನೀವೂ ಆಗಸ್ಟಿನ್ಯಾಗ ಐದು ಕೇಜಿ ಸಕ್ಕರಿ ಒಯ್ದೀರಿ, ಎರಡನೇ ಸಾಲಿನ್ಯಾಗ ಅದೀರಿ" ಅಂದಳು. ಮಾತಾಡದೆ ಬಂದೆ.